ಹಿಸೆ ಗೋಡೆಗೆ ಟಿವಿ

ಚಿಪ್ಪು ಸುಡುವ ವಾಸನೆ ಹಿತವಾದದ್ದೇನಲ್ಲ. ಕಡಲಿನ ಉಪ್ಪು, ಕೊಳೆತ ಪಾಚಿ, ಸುಟ್ಟ ಕರಟ ಎಲ್ಲ ಸೇರಿ ಗಂಟಲಿಗೆ ಇಳಿಯುವ ವಾಸನೆ ಅದು. ನಾನು ಚಿಕ್ಕವಳಿದ್ದಾಗ ಶರಾವತಿಯ ಅಳಿವೆಯಿಂದ ದೋಣಿಯಲ್ಲಿ ತಂದ ಚಿಪ್ಪನ್ನು ಕರಟದ ಜೊತೆ ಪದರಪದರವಾಗಿ ಒಟ್ಟಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಅಪ್ಪ ಹಳದೀಪುರದಲ್ಲಿ ಮನೆ ಕಟ್ಟಿಸಿದ ವರ್ಷ ಆ ವಾಸನೆ ನನ್ನ ಲಂಗದಲ್ಲಿ, ತಲೆಗೂದಲಲ್ಲಿ ಕೂತುಬಿಟ್ಟಿತ್ತು. ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು ಸ್ಲೇಟು ಬರೆಯುತ್ತಿದ್ದಳು. ಆ ಮನೆಯ ಗೋಡೆಗಳು ಮೊಳ ದಪ್ಪದ ಚಿರೆಕಲ್ಲಿನವು, ಮೇಲೆ ಆ ಸುಣ್ಣದ ಗಾರೆ. ಒಂದು ಗೋಡೆ ಮಾತ್ರ ಹಾಗಲ್ಲ.

ಆ ಒಂದು ಗೋಡೆ ಎದ್ದದ್ದು ಮನೆ ಹಿಸೆಯಾಗಿ ಪಾಲಾದಾಗ. ನನ್ನ ಇಬ್ಬರು ತಮ್ಮಂದಿರು, ಅಣ್ಣಪ್ಪ ಮತ್ತು ತಿಮ್ಮ, ಒಂದು ತಾಮ್ರದ ಹಂಡೆಯ ನೆವದಲ್ಲಿ ಬೇರೆಯಾದರು. ಮಳೆಗಾಲ ಬಾಗಿಲಿಗೆ ಬಂದಿತ್ತು. ಜಗಲಿಯಿಂದ ಹಿತ್ತಲವರೆಗೆ ಮನೆಯ ನಟ್ಟನಡುವೆ ಒಂಟಿ ಇಟ್ಟಿಗೆಯ ಗೋಡೆಯನ್ನು ಬರೀ ಮಣ್ಣಿನಲ್ಲಿ ಎಬ್ಬಿಸಿ, ಮೇಲೆ ಸುಣ್ಣ ಬಳಿದರು. ಆಚೆ ತಿಮ್ಮನ ಹೆಂಡತಿ ಗಣಪಿ ಒಲೆ ಹೂಡಿದಳು, ಈಚೆ ಅಣ್ಣಪ್ಪನ ಹೆಂಡತಿ ದೇವಿ. ಅಂದಿನಿಂದ ಎರಡು ಮನೆಗೆ ಮಾತಿಲ್ಲ. ತಮ್ಮಂದಿರಿಬ್ಬರೂ ತೀರಿಕೊಂಡ ಮೇಲೂ ಮಾತು ಹುಟ್ಟಲಿಲ್ಲ. ನಾನೊಬ್ಬಳು, ಇಬ್ಬರಿಗೂ ಅಕ್ಕ ಎಂಬ ನೆಲೆಯಲ್ಲಿ, ಎರಡೂ ಕಡೆ ಹೋಗಿ ಚಾ ಕುಡಿದು ಬರುತ್ತಿದ್ದೆ.

ದೇವಿಯ ಮಗ ನಾಗರಾಜ ಕಂತ್ರಾಟುದಾರ. ತಾಲೂಕಿನ ತುಂಬ ಮೋರಿ, ಗಟಾರ, ಅಂಗನವಾಡಿಯ ಶೌಚಾಲಯ ಕಟ್ಟಿಸಿದವನು. ಅವನಿಗೆ ಮನೆ ಹಿಸೆಯಾದದ್ದು ದೊಡ್ಡ ಅವಮಾನ. ಬಂದವರಿಗೆ ಅವನು ಗಣಪಿಯ ಮನೆಯನ್ನು "ಅದು ಬೇರೆಯವರ್ದು" ಎಂದು ತೋರಿಸುತ್ತಿದ್ದ. ಹಿಸೆ ಗೋಡೆಗೆ ದುಬಾರಿ ಬಣ್ಣ ಹೊಡೆಸಿ, "ಇದು ಅಜ್ಜನ ಕಾಲದ ಗೋಡೆ, ಆನೆ ಒರಗಿದ್ರೂ ಅಲುಗೂದಿಲ್ಲ" ಎನ್ನುತ್ತಿದ್ದ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿತ್ತು. ಜಗಲಿಯನ್ನು ಮುಚ್ಚಿಸಿ ಅದಕ್ಕೆ ಹಾಲ್ ಎಂದು ಹೆಸರಿಟ್ಟ. ಅವನಿಗೆ ಯಾವುದೂ ಅದರ ಹೆಸರಿನಲ್ಲಿ ಇದ್ದರೆ ಸಾಕಾಗುವುದಿಲ್ಲ.

ಆ ಹಾಲಿನಲ್ಲಿ, ಹಿಸೆ ಗೋಡೆಗೆ ಒತ್ತಿ, ದೇವಿಯ ಮಂಚವಿತ್ತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಇನ್ನು ನಡೆಯುವ ಆಸೆ ಬೇಡ ಎಂದು ಡಾಕ್ಟರು ಹೇಳಿದ್ದರು. ದಿಂಬಿಗೆ ಒರಗಿಸಿದರೆ ಅರ್ಧ ಏಳುತ್ತಿದ್ದಳು, ಅಷ್ಟೇ. ನಾನು ಕುಮಟೆಯ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮಾಳಿಗೆಯ ಮೇಲಿನ ಬಾಡಿಗೆ ಕೋಣೆಗೆ ಬೀಗ ಹಾಕಿ ಅವಳ ಆರೈಕೆಗೆಂದು ಬಂದೆ. ಮಂಚದ ಕಾಲಬದಿಗೆ ದೊಡ್ಡ ಕಿಟಕಿ, ಕಿಟಕಿಯಾಚೆ ಹೆದ್ದಾರಿ. ದೇವಿಯ ದಿನವೆಂದರೆ ಆ ಕಿಟಕಿ. ಬೆಳಿಗ್ಗೆ ಹೊನ್ನಾವರದ ಬಳಿಯ ಕಾಸರಕೋಡಿನ ಮೀನಿನವಳು ಬಂಗಾರಿ ತನ್ನ ಬುಟ್ಟಿಯನ್ನು ಕಿಟಕಿಯ ಕೆಳಗೆ ಇಳಿಸಿ, ಬೇಕೋ ಬೇಡವೋ ಕೇಳದೆ, ಊರ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದಳು. ಕುಮಟೆ ಬಸ್ಸಿನ ಒಬ್ಬ ಕಂಡಕ್ಟರ್, ಯಾರ ಮಗನೋ ತಿಳಿಯದು, ಬಸ್ಸು ನಮ್ಮ ಮನೆಯೆದುರು ಹಾಯುವಾಗ ಬಾಗಿಲಿನಿಂದ ಬಗ್ಗಿ ಕಿಟಕಿಯತ್ತ ಕೈಯೆತ್ತುತ್ತಿದ್ದ. ದೇವಿಯೂ ಕೈಯೆತ್ತುತ್ತಿದ್ದಳು. ಆ ಬಸ್ಸು ತಡವಾದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಅಕ್ಕ, ನಂಗೆ ಕಾಲು ಹೋದ್ರೆ ಹೋಗ್ಲಿ," ಎಂದಿದ್ದಳು ಒಮ್ಮೆ. "ಈ ಜಾಗ ಒಂದು ಇರ್ಲಿ."

2009ರ ದೀಪಾವಳಿ ಕಳೆದ ಮೇಲೆ ನಾಗರಾಜ ಗೋಡೆಗೆ ಹಾಕುವ ದೊಡ್ಡ ಚಪ್ಪಟೆ ಟಿವಿ ತರುವ ಮಾತೆತ್ತಿದ. "ಅಮ್ಮಂಗೆ ಮಲಗಿ ಮಲಗಿ ಬೇಜಾರು" ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದ. ನೆಂಟರು ಫೋನ್ ಮಾಡಿ ಮಗನೆಂದರೆ ಹೀಗಿರಬೇಕು ಎಂದರು. ಆ ಮಾತನ್ನು ನಾನೂ ನಂಬಿದೆ, ಅವನು ಕಂತ್ರಾಟುದಾರರ ಸಂಘಕ್ಕೆ ಅಧ್ಯಕ್ಷನಾಗಿದ್ದಾನೆ, ಸಂಘದವರು ಮನೆಗೆ ಊಟಕ್ಕೆ ಬರಲಿದ್ದಾರೆ ಎಂದು ಅವನ ಹೆಂಡತಿ ಅಮಿತಾಳ ಬಾಯಿಂದ ಕೇಳುವವರೆಗೆ.

ಟಿವಿ ಕೊಳ್ಳಲು ಭಟ್ಕಳಕ್ಕೆ ಹೋಗುವಾಗ ನಾನೂ ಕಾರು ಹತ್ತಿದೆ. ಅವರಿಗೆ ಇಷ್ಟವಿರಲಿಲ್ಲ. "ದೊಡ್ಡತ್ತೆ, ನಿಮ್ಗೆ ಬಿಸಿಲು ಆಗೂದಿಲ್ಲ ಅಲ್ದ?" ಎಂದಳು ಅಮಿತಾ. ನಾನು ಕೊಡೆ ತೋರಿಸಿದೆ.

ಅಂಗಡಿಯ ಮುಝಮ್ಮಿಲ್ ಸಾಹೇಬರು ನನ್ನನ್ನು ಕಂಡದ್ದೇ ತಾವು ಕೂತಿದ್ದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು, "ಕೂತ್ಕಳಿ ಅಮ್ಮಾ" ಎಂದರು. ಆಮೇಲೆ ವ್ಯಾಪಾರ ಮುಗಿಯುವವರೆಗೆ ನಿಂತೇ ಇದ್ದರು. ಟಿವಿ ಆರಿಸಿದ್ದು ಬೇಗ ಆಯಿತು. ಎಲ್ಲಕ್ಕಿಂತ ದೊಡ್ಡದು ಯಾವುದೋ ಅದು. ತಡವಾದದ್ದು ಅದನ್ನು ಗೋಡೆಗೆ ಹಿಡಿಸುವ ಸ್ಟ್ಯಾಂಡಿಗೆ. ಸಾಹೇಬರು ಮೂರನ್ನು ತಂದು ಮೇಜಿನ ಮೇಲೆ ಇಟ್ಟರು. ಮೊದಲನೆಯದು ಗೋಡೆಗೆ ಅಂಟಿ ನಿಲ್ಲುವಂಥದು. ಎರಡನೆಯದು ಮುಂದಕ್ಕೆ ತುಸು ಬಾಗುವಂಥದು, ನಮ್ಮ ಕಡೆ ತೀರಿಕೊಂಡವರ ಫೋಟೋವನ್ನು ಬಾಗಿಲ ಮೇಲೆ ಬಾಗಿಸಿ ತೂಗುಹಾಕುತ್ತಾರಲ್ಲ, ಹಾಗೆ. ಮೂರನೆಯದಕ್ಕೆ ಮಡಚುವ ಕೈ ಇತ್ತು. ಎಳೆದರೆ ಗೋಡೆಯಿಂದ ಹೊರಗೆ ಬಂದು ಬೇಕಾದ ಕಡೆ ತಿರುಗುತ್ತಿತ್ತು, ಬೇಡವೆಂದರೆ ಮಡಚಿಕೊಂಡು ಹಿಂದೆ ಹೋಗುತ್ತಿತ್ತು.

"ಯಾವ್ದು ಒಳ್ಳೇದು?" ಎಂದ ನಾಗರಾಜ.

"ನೋಡೋರು ಎಲ್ಲಿ ಕೂರ್ತಾರೆ, ಅದು ಹೇಳಿ ಮೊದ್ಲು," ಎಂದರು ಸಾಹೇಬರು.

"ಕೂರೋದಲ್ಲ," ಎಂದೆ ನಾನು. "ಮಲಗೋದು."

ನಾಗರಾಜ ನನ್ನನ್ನು ನೋಡಿದ. ನಾನು ದೇವಿಯ ವಿಷಯ ಹೇಳಿದೆ, ಮಂಚ ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ಹೇಳಿದೆ. ಸಾಹೇಬರು ಒಂದು ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಿಂದ ನಮ್ಮ ಹಾಲನ್ನು ಗೀಚಿದರು. ಮಂಚಕ್ಕೆ ಒಂದು ದಿಂಬನ್ನೂ ಬರೆದರು.

"ಹಂಗಾದ್ರೆ ಈ ಕೈ ಇರೋದೇ ಸೈ," ಎಂದರು. "ಮಂಚದ ಕಾಲಬದಿ, ಮೂಲೇಲಿ ಹಾಕಿ. ಮೆಹಮಾನ್ ಬಂದ್ರೆ ಅವ್ರ ಕಡೆ ತಿರುಗ್ಸಿ. ಅವ್ರು ಹೋದ್ರೆ ಅಮ್ಮನ ಕಡೆ ತಿರುಗ್ಸಿ. ಮಂಚ ಇದ್ದಲ್ಲೇ ಇರ್ಲಿ, ಎಂತಕ್ಕೆ ಜರುಗ್ಸೂದು?"

"ಅದೆಂತ ಸಾಯ್ಬ್ರೆ, ಜೆಸಿಬಿ ಕೈ ಇದ್ದಾಂಗೆ ಇತ್ತು!" ಎಂದು ನಾಗರಾಜ ನಕ್ಕ. ಅವನ ನಗೆಗೆ ಅವನೇ ಗಿರಾಕಿ. "ದಿನಾ ಸೈಟಿನಲ್ಲಿ ಅದನ್ನೇ ಕಾಣೂದು, ಮನೇಲೂ ಅದೇ ಬೇಕಾ?"

"ಧೂಳು ಕೂರ್ತದೆ ಅದ್ರ ಮೇಲೆ," ಎಂದಳು ಅಮಿತಾ. "ನಂಗೆ ಗೋಡೆಗೆ ಅಂಟಿದ್ದೇ ಚಂದ. ಡಾಕ್ಟ್ರ ಮನೇಲಿ ಹಾಂಗೇ ಇರೂದು. ನಡು ಗೋಡೆಗೆ, ಫೋಟೋ ಅಂಟಿಸ್ದಾಂಗೆ."

"ನಡು ಗೋಡೇಲಿ ಮಂಚ ಇದೆಯಲ್ಲ," ಎಂದೆ.

"ಮಂಚ ಹಿಂದಿನ ಕೋಣೆಗೆ ಹೋಗ್ತದೆ ಅತ್ತೆ," ಎಂದ ನಾಗರಾಜ, ಈ ಮಾತು ಎಂದೋ ಮುಗಿದುಹೋದದ್ದು ಎನ್ನುವ ಹಾಗೆ. "ಅಲ್ಲಿ ಅಮ್ಮಂಗೆ ಶಾಂತಿ. ಇಲ್ಲಿ ನಾಕು ಜನ ದೊಡ್ಡವ್ರು ಬಂದು ಹೋಗೂ ಜಾಗ. ಅವ್ರ ಎದ್ರಿಗೆ ಬೆಡ್‌ಪ್ಯಾನ್ ಇಟ್ಕಂಡು ಕೂರೂಕೆ ಆಗ್ತದಾ?"

"ಟಿವಿ ಅವಳಿಗೆ ಅಂದಿದ್ದೆ."

"ಶಬ್ದ ದೊಡ್ಡ ಇಟ್ರೆ ಹಿಂದಿನ ಕೋಣೆಗೆ ಲಾಯ್ಕ ಕೇಳ್ತದೆ," ಎಂದ.

ಇದನ್ನು ಅವನು ತಮಾಷೆಗೆ ಹೇಳಲಿಲ್ಲ. ಮಗುವಾಗಿದ್ದಾಗ ಈ ಹುಡುಗನಿಗೆ ನಾನು ಅಕ್ಷರ ತಿದ್ದಿಸಿದ್ದೆ. ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಎದುರಿಗಿದ್ದವನ ಮೇಲೆ ಒಂದಿಷ್ಟಾದರೂ ಗೌರವ ಬೇಕು. ಸಾಹೇಬರು ಆ ರಟ್ಟಿನ ಚೂರನ್ನು ಮಡಚಿ ಜೇಬಿಗೆ ಹಾಕಿಕೊಂಡರು, ನಮ್ಮೆದುರು ಕಸದ ಬುಟ್ಟಿಗೆ ಹಾಕಲು ಮನಸ್ಸಾಗದೆ ಇರಬೇಕು.

ನಾನು ಇನ್ನೊಂದು ದಾರಿ ಹಿಡಿದೆ. "ನಾಗರಾಜ, ಅದು ಹಿಸೆ ಗೋಡೆ. ಒಂಟಿ ಇಟ್ಟಿಗೆಯದು, ಮಣ್ಣಿನಲ್ಲಿ ಕಟ್ಟಿದ್ದು. ಬರೀ ಮೊಳೆ ಬೋಲ್ಟು ಅದರಲ್ಲಿ ನಿಲ್ಲೋದಿಲ್ಲ."

ಪರರ ಎದುರು ಹಿಸೆ ಎಂದದ್ದಕ್ಕೆ ಅವನ ಕಿವಿ ಕೆಂಪಾಯಿತು. "ಅಜ್ಜನ ಗೋಡೆ ಅದು! ನಾ ಮೋರಿ ಕಟ್ಸೂನು, ನಂಗೆ ಗೋಡೆ ಪಾಠ ಮಾಡ್ತ್ರಾ ನೀವು? ಶಾಲೆ ಬಿಟ್ಟು ಎಷ್ಟು ವರ್ಷ ಆತು ನಿಮ್ಗೆ?"

ಅಂಟುವ ಸ್ಟ್ಯಾಂಡು ಕಾರಿಗೆ ಏರಿತು. ನಾನು ಹತ್ತುವಾಗ ಸಾಹೇಬರು ಕೊಡೆ ಹಿಡಿದುಕೊಂಡು ಮೆಲ್ಲಗೆ, "ಬದ್ಲಿ ಬೇಕಾದ್ರೆ ತನ್ನಿ ಅಮ್ಮಾ. ಡಬ್ಬಿ ಹರಿದ್ರೂ ಅಡ್ಡಿಲ್ಲ," ಎಂದರು.

ಮಂಚವನ್ನು ಮರುದಿನವೇ ಒಯ್ದರು. ಹಿಂದಿನ ಕೋಣೆ ಎಂದರೆ ಕೊಬ್ಬರಿ, ಒಡೆದ ಹೆಂಚು, ನಾಗರಾಜನ ಕೆಲಸದ ಉಳಿದ ಸಿಮೆಂಟು ಚೀಲ ಇಡುವ ಜಾಗ. ಬೆಳಕಿಗೆ ಎತ್ತರದಲ್ಲಿ ಒಂದು ಗವಾಕ್ಷಿ. ಹಿತ್ತಲಿಗೆ ತೆರೆಯುವ ಬಾಗಿಲು ಒಂದಿದೆ, ಅದರಲ್ಲಿ ಕಾಣುವುದು ಬಾಳೆಗಿಡ ಮತ್ತು ಪಾತ್ರೆ ತೊಳೆಯುವ ಕಲ್ಲು. ಮಂಚವನ್ನು ತಿರುಗಿಸಿ ಹೊರುವಾಗ ದೇವಿ ಕೈಗೆ ಸಿಕ್ಕ ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದಳು; ಬಿಡಿಸಿದ್ದು ಅಮಿತಾ. ಬಿಡಿಸುವಾಗ, ಹೇಳಬೇಕು, ಒಂದೊಂದೇ ಬೆರಳನ್ನು ಮೆತ್ತಗೆ ಬಿಡಿಸಿದಳು. ಅವಳ ಕಣ್ಣು ಬೇರೆ ಕಡೆ ಇತ್ತು.

"ಅಕ್ಕ, ಬಂಗಾರಿ ಬಂದ್ರೆ ಎಲ್ಲಿ ಹೇಳಿ ಹುಡುಕ್ತ್ಳು?" ಎಂದು ಕೇಳಿದಳು ದೇವಿ, ಸಂಜೆ ಹೊತ್ತಿಗೆ.

ಬಂಗಾರಿ ಹುಡುಕಿದಳು. ಬರಿದಾದ ಕಿಟಕಿಯಲ್ಲಿ ಇಣುಕಿ, ಹೋಯಿತೋ ಜೀವ ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಹಿಂದಿನ ಕೋಣೆಯಲ್ಲಿದ್ದಾಳೆ ಎಂದೆ. "ದೇವರೆ, ನಾ ಎಂತದೋ ಎಣಿಸ್ದೆ," ಎಂದು ಬುಟ್ಟಿಯಿಂದ ಎರಡು ಬಂಗಡೆ ತೆಗೆದು ನನ್ನ ಕೈಗಿಟ್ಟು, ದುಡ್ಡಿನ ಮಾತೆತ್ತದೆ ಹೊರಟುಹೋದಳು.

ಸ್ಟ್ಯಾಂಡು ಹಿಡಿಸಲು ಹೊನ್ನಾವರದಿಂದ ದಾಸ ಎಂಬವ ಬಂದ. ಚಾಳೀಸಿನ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಗೋಡೆಯನ್ನು ಬಡಿದು ನೋಡಿ ಮುಖ ಸಣ್ಣ ಮಾಡಿದ. "ಹೊಡಿ ಮಾರಾಯ, ಕಲ್ಲಿನ ಗೋಡೆ," ಎಂದ ನಾಗರಾಜ, ಸೊಂಟದ ಮೇಲೆ ಕೈಯಿಟ್ಟುಕೊಂಡು. ಅಮಿತಾ ಹೊಸ ಟಿವಿಗೆ ಆಗಲೇ ಅರಿಶಿನ ಕುಂಕುಮ ಹಚ್ಚಿ ಸೋಫಾದ ಮೇಲೆ ಒರಗಿಸಿದ್ದಳು. ದಾಸ ಡ್ರಿಲ್ ಹಿಡಿದ. ಮೊದಲ ತೂತು ಬೆಣ್ಣೆಗೆ ಚೂರಿ ಹಾಕಿದ ಹಾಗೆ ಒಳಗೆ ಹೋಯಿತು. ನಾಗರಾಜನಿಗೆ ಖುಷಿ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಡ್ರಿಲ್ಲು ಹಿಡಿಕೆಯವರೆಗೂ ಹೋಯಿತು. ಆಚೆ ಪಾತ್ರೆಯೊಂದು ಉರುಳಿದ ಸದ್ದು.

ಆಮೇಲೆ ಗೋಡೆಯೊಳಗಿಂದ ಮಾತು ಬಂತು.

"ಹೋಯ್! ಯಾರದು ನನ್ನ ಸಾರಿಗೆ ಇಟ್ಟಿಗೆ ಹುಡಿ ಹಾಕೂದು? ಉಪ್ಪು ಕಮ್ಮಿ ಇತ್ತು ಹೇಳಿ ಯಾರಾದ್ರೂ ಹೇಳಿದ್ರಾ ನಿಮ್ಗೆ?"

ಹಿಸೆಯಾದ ಮೇಲೆ ಆ ಮನೆಯಿಂದ ಈ ಮನೆಗೆ ಬಂದ ಮೊದಲ ಮಾತು ಅದು. ದಾಸ ಡ್ರಿಲ್ಲನ್ನು ಎಳೆದುಕೊಂಡ. ನೋಡಿದರೆ ನಾಲ್ಕೂ ತೂತುಗಳಲ್ಲಿ ಗಣಪಿಯ ಅಡುಗೆಮನೆಯ ಬೆಳಕು ಕಾಸಿನಗಲ ಕಾಣಿಸಿತು. ಅಜ್ಜನ ಗೋಡೆಯ ಕೆಂಪು ಹುಡಿ ನೆಲದ ಟೈಲ್ಸಿನ ಮೇಲೆ ಒಂದು ಸಣ್ಣ ಗುಡ್ಡೆಯಾಗಿ ಬಿದ್ದಿತ್ತು. ನಾಗರಾಜ ಅದನ್ನು ಚಪ್ಪಲಿಯಿಂದ ಸೋಫಾದಡಿಗೆ ತಳ್ಳಿದ. ನನ್ನ ಮುಖ ನೋಡಲಿಲ್ಲ.

"ಇದ್ರಲ್ಲಿ ನಿಲ್ಲೂದಿಲ್ಲ," ಎಂದ ದಾಸ. "ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಬೋಲ್ಟನ್ನ ಆಚೆಗೆ ದಾಟ್ಸಿ, ಅಲ್ಲಿ ನಟ್ಟು ಬಿಗೀಬೇಕು. ಅವ್ರು ಒಪ್ಪಿದ್ರೆ ಮಾತ್ರ."

"ಹಾಗೆ ಮಾಡಿದರೆ ಕೈ ಇರುವ ಸ್ಟ್ಯಾಂಡೂ ನಿಲ್ಲುತ್ತದಾ?" ಎಂದು ಕೇಳಿದೆ.

"ಪಟ್ಟಿ ಉದ್ದದ್ದು ಹಾಕಿದ್ರೆ ನಿಲ್ತದೆ ಅಮ್ಮ."

ನನ್ನ ಮನಸ್ಸು ಹಗುರಾಯಿತು. ಹೇಗೂ ಆಚೆಯವರನ್ನು ಕೇಳಬೇಕು. ಹೇಗೂ ಬೋಲ್ಟು ಬದಲಾಗಬೇಕು. ಭಟ್ಕಳದ ಸಾಹೇಬರು ಬದಲಿ ಕೊಡುತ್ತಾರೆ. ಮಂಚ ಮುಂದೆ ಬರಲು ಇನ್ನೇನು ಬೇಕು? ಆದರೆ ಗಣಪಿಯ ಬಾಗಿಲಿಗೆ ಹೋಗುವುದು ಅಧ್ಯಕ್ಷರ ಅಂತಸ್ತಿಗೆ ಒಗ್ಗಲಿಲ್ಲ. "ನೀವು ಹೋಗಿ ಹೇಳಿ ಅತ್ತೆ. ಕೇಳೂದು ಬೇಡ, ಹೇಳಿ," ಎಂದ.

ರಸ್ತೆಗಿಳಿದು ಸುತ್ತಿ ಗಣಪಿಯ ಮನೆಗೆ ಹೋದೆ. ಗಣಪಿ ಸಾರನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿ, ಮತ್ತೆ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ಅವಳ ಮಗಳು ಚಂದನಾ ಹೊನ್ನಾವರದಲ್ಲಿ ನರ್ಸು, ಡ್ಯೂಟಿಗೆ ಹೋಗಿದ್ದಳು.

"ಬನ್ನಿ ಅಕ್ಕ. ಕೂತ್ಕಣಿ. ಮೇಲೆ ಕಾಣಿ, ನಾಕು ಕಣ್ಣು ಬಂತು ನಮ್ಮ ಗೋಡೆಗೆ," ಎಂದಳು. "ಎಂತ, ನಮ್ಮನೆ ಒಳಗೆ ಕಾಣುಕೆ ಇಷ್ಟು ವರ್ಷದ ಮೇಲೆ ಆಸೆ ಆತಾ ನಿಮ್ಮ ಕಂತ್ರಾಟಿಗೆ?"

ನಾನು ಪಟ್ಟಿಯ ವಿಷಯ ಹೇಳಿದೆ. ಅದು ಅವಳ ಒಲೆಯ ಮೇಲೆ, ಉಪ್ಪಿನ ಮರಿಗೆಯ ಹಲಗೆಗಿಂತ ತುಸು ಕೆಳಗೆ ಬರುತ್ತದೆ ಎಂದೂ ಹೇಳಿದೆ.

"ಅವನ ಟಿವಿ ನನ್ನ ಗೋಡೆ ಕಚ್ಕಂಡು ನಿಲ್ಲೂದಾ? ಬೇರೆಯವ್ರ ಮನೆ ಗೋಡೆ!" ಗಣಪಿ ತುರಿಯುವುದನ್ನು ನಿಲ್ಲಿಸಿ ನಕ್ಕಳು. ಒಳ್ಳೆಯ ನಗು, ಬಹಳ ಹೊತ್ತಿನ ನಗು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಲ್ಲಲಿ. ಅಡ್ಡಿಲ್ಲ. ದುಡ್ಡು ಗಿಡ್ಡು ನಂಗೆ ಬೇಡ. ಒಂದು ಮಾತು ಮಾತ್ರ. ದೇವಕ್ಕನ್ನ ಎಲ್ಲಿಗೆ ಹಾಕಿದ್ರಿ?" ಎಂದಳು.

"ಹಿಂದಿನ ಕೋಣೆಗೆ. ನಿನಗೆ ಹೇಗೆ ಗೊತ್ತು?"

"ಮಾತು ಬಿಟ್ಟದ್ದು ಹೌದು. ಕಿವಿ ಕಿತ್ತು ಇಟ್ಟದ್ದಾ? ಬೆಳಿಗ್ಗೆ ಅವ್ರ ಕೆಮ್ಮು ಕೇಳಿ ನಾ ಒಲೆ ಹೊತ್ಸೂದು. ಅವ್ರು ಕೆಮ್ಮಿದ್ರೆ ಬೆಳಗಾತು ಹೇಳಿ. ಮೂರು ದಿನ ಆತು, ಕೆಮ್ಮೇ ಇಲ್ಲೆ. ಹೋದ್ರೇನೋ ಹೇಳಿ ನಾ ಬಾಗ್ಲಲ್ಲಿ ನಿಂತು ಕಂಡೆ, ಜನ ಸೇರಿರ್ಲಿಲ್ಲ." ಕಾಯಿಯ ಕರಟವನ್ನು ಪಕ್ಕಕ್ಕೆ ಎಸೆದಳು. "ಅವ್ರ ಮಂಚ ಎಲ್ಲಿತ್ತೋ ಅಲ್ಲೇ ಬರ್ಲಿ. ಬಂದ ದಿನ ಅವನೇ ಬಂದು ನಟ್ಟು ಹಾಕ್ಕಂಡು ಹೋಗ್ಲಿ. ಇಲ್ದಿದ್ರೆ ನನ್ನ ಗೋಡೆ ಮುಟ್ಟೂಕೆ ಇಲ್ಲ."

ನಾನು ಬಹುತೇಕ ಓಡಿ ಬಂದೆ, ನನ್ನ ವಯಸ್ಸಿಗೆ ಅದೆಷ್ಟು ಓಟವೋ ಅಷ್ಟು. ಹಾಲಿನಲ್ಲಿ ನಿಂತು ಹೇಳಿದೆ. ಎಲ್ಲ ಹೇಳಿದೆ: ಪಟ್ಟಿಗೆ ಒಪ್ಪಿಗೆ ಇದೆ, ಕೈ ಇರುವ ಸ್ಟ್ಯಾಂಡು ತರೋಣ, ಮೂಲೆಯಲ್ಲಿ ಹಾಕೋಣ, ಮಂಚ ಇದ್ದಲ್ಲಿಗೆ ಬರಲಿ, ಅತಿಥಿಗಳು ಬಂದ ದಿನ ಬೇಕಾದರೆ ಮಂಚಕ್ಕೆ ಒಂದು ಪರದೆ ಕಟ್ಟೋಣ ಎಂದೆ. ಆ ಪರದೆಯ ಮಾತು ಆಡಿದಾಗ ನನ್ನ ನಾಲಿಗೆಗೇ ಕಹಿಯಾಯಿತು. ಆದರೂ ಆಡಿದೆ.

ಅಮಿತಾ ಗಂಡನ ಮುಖ ನೋಡಿದಳು. "ಹಾಂಗೂ ಆಗ್ತದಲ್ಲ," ಎಂದಳು, ಸಣ್ಣ ದನಿಯಲ್ಲಿ.

"ಎಂತ ಆಗ್ತದೆ?" ಎಂದ ನಾಗರಾಜ. "ಆ ಹೆಂಗಸು ಹೇಳ್ದಲ್ಲಿ ನಾ ನನ್ನ ಮನೇಲಿ ಮಂಚ ಹಾಕೂದಾ? ನಾಳೆ ಪಾಯಿಖಾನೆ ಎಲ್ಲಿ ಕಟ್ಬೇಕು ಹೇಳ್ತ್ಳು, ಕೇಳೂದಾ? ನನ್ನ ತಾಯಿ ಎಲ್ಲಿ ಮಲಗ್ಬೇಕು ಹೇಳೂಕೆ ಅವ್ಳು ಯಾರು?"

"ಅವಳು ಹೇಳೋದು ಸರಿಯೋ ತಪ್ಪೋ, ಅದು ನೋಡು."

"ನೀವು ಕುಮಟೆಗೆ ಯಾವಾಗ ಹೋಗೂದು ಅತ್ತೆ?" ಎಂದ.

ದಾಸ ಕೆಳಗೆ ನೋಡುತ್ತ ತನ್ನ ವೈರನ್ನು ಸುತ್ತತೊಡಗಿದ, ಅದು ಆಗಲೇ ಸುತ್ತಿಯಾಗಿತ್ತು.

ನಾಗರಾಜ ಉಪಾಯ ಕಂಡುಕೊಂಡ. ಅಂಗಡಿಯವರು ಟಿವಿಯ ಜೊತೆಗೇ ಕೊಟ್ಟಿದ್ದ ಕಾಲುಗಳನ್ನು ಡಬ್ಬಿಯಿಂದ ಹುಡುಕಿ ತೆಗೆಸಿದ. ಕುಮಟೆಯಿಂದ ಒಂದು ಉದ್ದನೆಯ ಗಾಜಿನ ಮೇಜು ಬಂತು. ಮಂಚವಿದ್ದ ಜಾಗದಲ್ಲೇ, ಅಷ್ಟೇ ಉದ್ದಕ್ಕೆ, ಮೇಜು ಕೂತಿತು. ಅದರ ಮೇಲೆ ಟಿವಿ ಕೂತಿತು. ಅಷ್ಟು ದೂರ ಹೋಗಿ ಆರಿಸಿ ತಂದ ಸ್ಟ್ಯಾಂಡು ಡಬ್ಬಿಯ ಸಮೇತ ಹಿಂದಿನ ಕೋಣೆಗೆ, ಸಿಮೆಂಟು ಚೀಲದ ಮೇಲೆ ಬಂತು. ನಾಲ್ಕು ತೂತಿಗೆ ಅಮಿತಾ ಹಳೆಯ ಪೇಪರು ತುರುಕಿ ಮೇಲೆ ಒಂದು ಪ್ಲಾಸ್ಟಿಕ್ ಹೂವಿನ ಬಳ್ಳಿ ಹಾಯಿಸಿದಳು.

ಗಣಪಿ ಹೇಳಿದ್ದನ್ನು ನಾನು ದೇವಿಗೆ ಹೇಳಿದೆ. ಹೇಳಬಾರದಿತ್ತೇನೋ.

"ಗಣಪಿ ಹಾಂಗೆ ಹೇಳ್ತಾ?" ಎಂದು ಕೇಳಿದಳು.

"ಹೌದು."

"ಕೆಮ್ಮು ಲೆಕ್ಕ ಇಟ್ಟಿತ್ತಾ ಅದು!" ಎಂದು, ನಗುವಂತೆ ಮಾಡಿ, ಮುಖ ತಿರುಗಿಸಿಕೊಂಡಳು. ಆಮೇಲೆ, "ಅಕ್ಕ, ಇನ್ನು 'ಮುಂದೆ ಒಯ್ಯಿ' ಹೇಳಿ ಅವನ ಹತ್ರ ಕೇಳ್ಬೇಡಿ. ನಂಗೆ ಕೇಳಿ ಕೇಳಿ ನಾಚ್ಕೆ ಬಂತು," ಎಂದಳು. ಅವಳು ಒಮ್ಮೆಯೂ ಕೇಳಿರಲಿಲ್ಲ. ನಾನು ಕೇಳಿದ್ದನ್ನೆಲ್ಲ ತನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದಳು. ಅವಳನ್ನು ಕುಮಟೆಗೆ ಒಯ್ಯುವ ಯೋಚನೆಯನ್ನೂ ಮಾಡಿದೆ. ನನ್ನ ಕೋಣೆಯ ಏಣಿಮೆಟ್ಟಿಲು ಸೊಂಟ ಗಟ್ಟಿ ಇದ್ದವರಿಗೇ ಕಷ್ಟ.

ಸಂಘದವರು ಭಾನುವಾರ ಬಂದರು. ಎಲ್ಲರೂ ಒಂದೇ ತರಹದ ಬಿಳಿ ಅಂಗಿ, ಒಂದೇ ತರಹದ ವಾಚು. ಬಂದವರು ಟಿವಿಯ ಅಗಲ ಹೊಗಳಿದರು, ಚಪ್ಪಟೆ ಇರುವುದನ್ನು ಹಿಂದೆ ಇಣುಕಿ ನೋಡಿ ಹೊಗಳಿದರು. ಕ್ರಿಕೆಟ್ ಮ್ಯಾಚು ನಡೆಯುತ್ತಿತ್ತು. ಮ್ಯಾಚನ್ನು ಯಾರೂ ನೋಡಲಿಲ್ಲ; ಟಿವಿಯನ್ನು ನೋಡಿದರು.

"ಇಂಥದ್ದನ್ನ ಗೋಡೆಗೆ ಹಾಕ್ಬೇಕು ಅಧ್ಯಕ್ಷರೆ," ಎಂದ ಒಬ್ಬ.

"ಗೋಡೆಗೆ ಹಾಕೂದು ಈಗ ಹಳೇ ಫ್ಯಾಷನ್," ಎಂದ ನಾಗರಾಜ.

"ಅಮ್ಮಂಗೋಸ್ಕರ ತಂದದ್ದಂತೆ? ಅಮ್ಮ ಎಲ್ಲಿ?"

"ಒಳಗೆ ಆರಾಮ ಮಾಡ್ತಿದ್ಳು. ಅಮ್ಮಂಗೆ ಗಲಾಟೆ ಆಗೂದಿಲ್ಲ."

ಎಲ್ಲರೂ ತಲೆಯಾಡಿಸಿದರು. ಅವರ ಅಮ್ಮಂದಿರಿಗೂ ಗಲಾಟೆ ಆಗುವುದಿಲ್ಲವೇನೋ. ಆ ಹೊತ್ತಿಗೆ ಆಚೆ ಗಣಪಿ ಬಂಗಡೆ ಹುರಿಯತೊಡಗಿದಳು. ಪೇಪರು ತುರುಕಿದರೆ ವಾಸನೆ ನಿಲ್ಲುತ್ತದೆಯೇ? ಮೆಣಸು, ಅರಿಶಿನ, ಹುಳಿ ಹಚ್ಚಿದ ಮೀನು ಕಾವಲಿಗೆ ಬಿದ್ದ ಪರಿಮಳ ನಾಲ್ಕು ತೂತುಗಳಿಂದ ಹಾಲಿನ ತುಂಬ ಹರಡಿತು.

"ಆಹಾ!" ಎಂದ ದಪ್ಪಗಿನ ಖಜಾಂಚಿ, ಮೂಗನ್ನು ಮುಂದೆ ಚಾಚಿ. "ಅಧ್ಯಕ್ಷರ ಟಿವಿ ಭಾರಿ ಇತ್ತಲ್ಲ! ಚಿತ್ರವೂ ಬತ್ತದೆ, ಶಬ್ದವೂ ಬತ್ತದೆ, ಬಂಗಡೆ ವಾಸನೆಯೂ ಬತ್ತದೆ!"

ಎಲ್ಲರೂ ನಕ್ಕರು. ನಾಗರಾಜ ಎಲ್ಲರಿಗಿಂತ ಜೋರಾಗಿ ನಕ್ಕು, ಶಬ್ದ ಹೆಚ್ಚಿಸಿದ. ಅವನ ಕಿವಿ ಮತ್ತೆ ಕೆಂಪಾಗಿತ್ತು. ಅದನ್ನು ನೋಡಿ ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಿಲ್ಲ.

ಪಂಕ್ತಿ ಕೂತಿತು. ಹೋಟೆಲಿನಿಂದ ತರಿಸಿದ ಕೋಳಿ, ಸುಂಗಟೆ ಸಿಗಡಿ, ಪಲಾವು. ನಾನು ಅಡುಗೆಮನೆಗೆ ಹೋಗಿ ದೇವಿಗೆ ಒಂದು ತಟ್ಟೆ ಬಡಿಸಿಕೊಡು ಎಂದೆ. ಅಮಿತಾ ಬೆವರಿ ಮುದ್ದೆಯಾಗಿದ್ದಳು. "ತಟ್ಟೆ ಎಲ್ಲ ಹೊರಗೆ ಹೋತು ದೊಡ್ಡತ್ತೆ. ಈ ಪಂಕ್ತಿ ಏಳ್ಲಿ. ಅವ್ರು ಎರಡ್ನೇ ಸಲ ಕೇಳ್ದಾಗ ಸಾಲ್ದೆ ಬಂದ್ರೆ ಇವ್ರು ನನ್ನ ಕೊಲ್ತ್ರು," ಎಂದಳು. ಪಾಪ, ಅವಳಿಗೂ ಹೆದರಿಕೆ ಇತ್ತು. ಆದರೆ ಪಂಕ್ತಿ ಏಳುವ ಲಕ್ಷಣವಿರಲಿಲ್ಲ. ದೊಡ್ಡ ಮನುಷ್ಯರು ಮೂಳೆ ಚೀಪುತ್ತ ಸೇತುವೆಗಳ ಮಾತಾಡುತ್ತಿದ್ದರು.

ನಾನು ಬರಿಗೈಯಲ್ಲಿ ಹಿಂದಿನ ಕೋಣೆಗೆ ಹೋದೆ. ದೇವಿ ದಿಂಬಿಗೆ ಒರಗಿದ್ದಳು. ಹಾಲಿನ ಟಿವಿಯ ಶಬ್ದ ಲಾಯಕ್ಕಾಗಿ ಕೇಳುತ್ತಿತ್ತು. ನಾಗರಾಜ ಆ ಮಾತೊಂದನ್ನು ಉಳಿಸಿಕೊಂಡಿದ್ದ.

"ಜನ ಉಂಡ್ರಾ?" ಎಂದು ಕೇಳಿದಳು ದೇವಿ.

"ಉಣ್ತಾ ಇದ್ದಾರೆ."

"ಉಣ್ಲಿ. ನಂಗೆ ಅವಸರ ಇಲ್ಲೆ."

ಹಿತ್ತಲ ಬಾಗಿಲು ಅರ್ಧ ತೆರೆದಿತ್ತು. ಬಾಳೆಗಿಡದ ಆಚೆಯಿಂದ ಯಾರೋ ಬರುವ ಸದ್ದಾಯಿತು. ಗಣಪಿ. ಒಂದು ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ಹಿಸೆಯಾದ ಮೇಲೆ ಅವಳು ಈ ಹೊಸ್ತಿಲು ದಾಟಿರಲಿಲ್ಲ. ಹೊಸ್ತಿಲ ಹತ್ತಿರ ಒಮ್ಮೆ ನಿಂತಳು, ನನ್ನನ್ನು ನೋಡಿದಳು, ಒಳಗೆ ಬಂದಳು. ಸಿಮೆಂಟು ಚೀಲಗಳನ್ನು, ಅದರ ಮೇಲಿನ ಡಬ್ಬಿಯನ್ನು, ಗವಾಕ್ಷಿಯನ್ನು ಒಂದು ಸುತ್ತು ನೋಡಿ ಬಾಯಿ ಬಿಗಿ ಹಿಡಿದಳು. ನಾನು ದೇವಿಯ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಇಬ್ಬರ ತಲೆಯೂ ಬೆಳ್ಳಗಾಗಿತ್ತು.

ಗಣಪಿ ಮಂಚದ ಅಂಚಿಗೆ ಕೂತು ಬಾಳೆಲೆ ಸರಿಸಿದಳು. ಕುಚ್ಚಲಕ್ಕಿ ಅನ್ನ, ಬದಿಯಲ್ಲಿ ಸಾರು, ಹುರಿದ ಬಂಗಡೆ. ಮಲಗಿದವರಿಗೆ ಕಷ್ಟವಾಗಬಾರದೆಂದು ಮೀನಿನ ಮುಳ್ಳನ್ನೆಲ್ಲ ಬಿಡಿಸಿಟ್ಟಿದ್ದಳು. ತಟ್ಟೆಯ ತಳ ಬಿಸಿಯಿತ್ತು. ಸೆರಗನ್ನು ಮಡಚಿ ಅದರಡಿಗೆ ಹಿಡಿದು, ಮೆಲ್ಲಗೆ, ತಟ್ಟೆಯನ್ನು ದೇವಿಯ ಕೈಗೆ ಕೊಟ್ಟಳು.